ಉಯ್ಯಾಲೆ ಕೊಂಡಿಗೆ ಬಿಟ್ಟ ಎಣ್ಣೆ

ನನ್ನ ಹತ್ತಿರ ಮೆಷಿನ್ ತರೋರೆಲ್ಲ ಒಂದೇ ಮಾತು ಹೇಳ್ತಾರೆ. "ನಾವೇನೂ ಮಾಡಿಲ್ಲ, ತಾನಾಗೇ ನಿಂತುಹೋಯ್ತು." ತಾನಾಗೇ ನಿಂತುಹೋಗೋಕೆ ಅದೇನು ಕತ್ತೆಯಾ? ಸೂಜಿ ಹಿಂದುಮುಂದಾಗಿ ಹಾಕಿರ್ತಾರೆ, ಒಳಗೆಲ್ಲ ದಾರ ಸಿಕ್ಕಿಸಿರ್ತಾರೆ, ಮಕ್ಕಳು ಪೆಡಲ್ ಮೇಲೆ ನಿಂತು ಕುಣಿದಿರ್ತಾರೆ. ನಾನು ಜಗಳಕ್ಕೆ ಹೋಗಲ್ಲ. "ಹೌದಾ, ಪಾಪ" ಅಂತೀನಿ, ಸ್ಕ್ರೂ ಬಿಚ್ತೀನಿ, ಒಳಗಿರೋ ಸತ್ಯಾನ ತೆಗೆದು ಅವರ ಮುಂದೇನೇ ಇಡ್ತೀನಿ. ಇಷ್ಟು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿದವನಿಗೆ ಮನುಷ್ಯರ ಮಾತು ನಂಬೋ ಅಭ್ಯಾಸ ಎಲ್ಲಿಂದ ಬರಬೇಕು, ನೀವೇ ಹೇಳಿ. ನನ್ನ ಹೆಂಡತಿ ಇದಕ್ಕೇ ನನ್ನನ್ನ "ಅನುಮಾನದ ಅಂಗಡಿ" ಅಂತ ಕರೀತಾಳೆ. ಕರೀಲಿ ಬಿಡಿ.

ಇಂಥ ನನ್ನ ಕೈಗೆ ಮಗಳು ಒಂದು ಸಂಜೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನ ತಂದುಕೊಟ್ಟಳು. ಲೆಕ್ಕದಲ್ಲಿ ಹೆಚ್ಚುಕಮ್ಮಿ ಪೂರ್ತಿ ಮಾರ್ಕ್ಸು. ವಿಜ್ಞಾನದಲ್ಲಿ ಪೂರ್ತಿಗೆ ಪೂರ್ತಿ. ಭೂಗೋಳದ ಪತ್ರಿಕೆಯಲ್ಲಿ ಟೀಚರು ಕೆಂಪು ಇಂಕಿನಲ್ಲಿ ಒಂದು ನಕ್ಷತ್ರ ಬರೆದು, ಅದರ ಪಕ್ಕದಲ್ಲೇ ಒಂದು ಪ್ರಶ್ನೆ ಗುರುತು ಹಾಕಿದ್ದರು. ನನ್ನ ಕಣ್ಣು ಮೊದಲು ಹೋಗಿದ್ದು ಆ ಪ್ರಶ್ನೆ ಗುರುತಿನ ಮೇಲೆ.

ಯಾಕೆ ಅಂದರೆ, ಇವಳನ್ನ ಮನೆಯಲ್ಲಿ ನಾವು ಕರೆಯೋದೇ ಬುಗುರಿ ಅಂತ. ಕೂತಲ್ಲಿ ಕೂರೋಳಲ್ಲ. ಊಟಕ್ಕೆ ಕೂತರೂ ಕಾಲು ಕುಣೀತಿರುತ್ತೆ. ನಿದ್ದೆಯಲ್ಲೂ ಹಾಸಿಗೆಯ ಈ ತುದಿಯಿಂದ ಆ ತುದಿಗೆ ಪ್ರಯಾಣ. ಪುಸ್ತಕದ ಮುಂದೆ ಕೂರಿಸಿದರೆ ಮೈಮೇಲೆ ಇರುವೆ ಬಿಟ್ಟ ಹಾಗೆ ಆಡ್ತಾಳೆ. ಹೋದ ವರ್ಷದವರೆಗೂ ಅವಳು ಪಾಸಾಗ್ತಾ ಬಂದದ್ದು ಟೀಚರುಗಳ ದಯೆಯಿಂದ. "ಹೇಗೋ ಮುಂದಕ್ಕೆ ತಳ್ಳಿದ್ದೀವಿ" ಅಂತ ಅವರೇ ನನ್ನೆದುರು ಹೇಳಿದ್ದರು.

"ಹೇಗೆ ಬಂತೇ ಇಷ್ಟೊಂದು?" ಅಂದೆ.

"ಓದಿದೆ ಅಪ್ಪಾ."

"ಯಾವಾಗ? ನಾನು ನೋಡಲೇ ಇಲ್ಲವಲ್ಲ."

"ಉಯ್ಯಾಲೆ ಮೇಲೆ. ಅತ್ತೆ ಜೊತೆ."

"ಹೌದಾ, ಪಾಪ" ಅಂದೆ.

ಪಕ್ಕದ ಕೋಣೆಯಲ್ಲಿ ಪರದೆ ಹೊಲೀತಿದ್ದ ನನ್ನ ಹೆಂಡತಿಗೆ ಆ ಎರಡು ಮಾತಿನ ಅರ್ಥ ಚೆನ್ನಾಗಿ ಗೊತ್ತು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ರೀ, ಅವಳು ನಿಮ್ಮ ಮಗಳು, ಗಿರಾಕಿಯಲ್ಲ" ಅಂದಳು. ನಾನು ಕೇಳಿಸದವನ ಹಾಗೆ ಮತ್ತೆ ಮೆಷಿನ್ ಬೆಲ್ಟಿಗೆ ಕೈ ಹಾಕಿದೆ.

ಅತ್ತೆ ಅಂದರೆ ನನ್ನ ತಂಗಿ. ಬೇರೆ ಊರಿನ ಶಾಲೆಯಲ್ಲಿ ಟೀಚರಾಗಿದ್ದಳು. ಈ ವರ್ಷ ಶಾಲೆ ಅರ್ಧದಲ್ಲಿರುವಾಗಲೇ ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತು, "ಕೆಲಸ ಬಿಟ್ಟೆ ಅಣ್ಣಾ" ಅಂದಳು. ಯಾಕೆ ಅಂದರೆ "ಸರಿಹೋಗಲಿಲ್ಲ." ಅಷ್ಟೇ. ವರ್ಷದ ನಡುವೆ ಯಾರಾದರೂ ಸುಮ್ಮಸುಮ್ಮನೆ ಕೆಲಸ ಬಿಡ್ತಾರಾ? ಬಿಡಿಸಿರಬೇಕು. ಏನೋ ಮಾಡಿಕೊಂಡಿರಬೇಕು. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಆ ಹುಳ ಅವತ್ತಿನಿಂದ ತಲೆಯಲ್ಲಿ ಕೊರೀತಾನೇ ಇತ್ತು.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಎರಡಕ್ಕೂ ನಡುವೆ ಒಂದು ದೊಡ್ಡ ಕೋಣೆ ಇದೆ. ಹಿಂದೆಲ್ಲ ಕಾರ್ಖಾನೆಯ ಭಾರಿ ಮೆಷಿನ್‌ಗಳು ರಿಪೇರಿಗೆ ಬರ್ತಿದ್ದಾಗ ಎತ್ತಿ ಇಳಿಸೋಕೆ ಅಂತ ಅಲ್ಲಿನ ಕಬ್ಬಿಣದ ತೊಲೆಗೆ ಒಂದು ಕೊಂಡಿ ಹಾಕಿಸಿದ್ದೆ. ತಂಗಿ ಬಂದ ಮಾರನೇ ದಿನವೇ ಆ ಕೊಂಡಿ ನೋಡಿದಳು, ನನ್ನ ಹಳೇ ಮೆಷಿನ್ನಿನ ಹಲಗೆ ನೋಡಿದಳು, ಮೂಲೆಯಲ್ಲಿದ್ದ ಸರಪಳಿ ನೋಡಿದಳು. ಸಂಜೆ ಹೊತ್ತಿಗೆ ಉಯ್ಯಾಲೆ ತೂಗ್ತಿತ್ತು. ಬುಗುರಿ ಅದನ್ನ ಏರಿದವಳು ಇಳಿದದ್ದೇ ಕಡಿಮೆ. ಶಾಲೆಯಿಂದ ಬಂದ ಕೂಡಲೇ ಶುರು. ಮುಂದೆ ಹೋಗುವಾಗ ಕಿರ್ರ್, ಹಿಂದೆ ಬರುವಾಗ ಕ್ಯಾಂವ್. ಇಡೀ ಸಂಜೆ ಅದೇ ಸಂಗೀತ. "ಓದೋದು ಯಾವಾಗ?" ಅಂತ ನಾನು ಅಂಗಡಿಯಿಂದ ಕಿರುಚೋದು, "ಓದ್ತಾನೇ ಇದ್ದೀವಿ ಅಣ್ಣಾ!" ಅಂತ ತಂಗಿ ಒಳಗಿಂದ ಕೂಗೋದು, ಆಮೇಲೆ ಇಬ್ಬರೂ ಕಿಸಕ್ಕನೆ ನಗೋದು. ನಗ್ತಾ ನಗ್ತಾ ಯಾರಾದರೂ ಓದ್ತಾರಾ?

ಈಗ ನೀವೇ ಲೆಕ್ಕ ಹಾಕಿ. ಟೀಚರಾಗಿದ್ದವಳು, ಕೆಲಸ ಬಿಟ್ಟ ಕಾರಣ ಹೇಳದವಳು, ಶಾಲೆಗಳಲ್ಲಿ ಗುರುತಿನವರು ಇರೋವಳು. ಅವಳು ಮನೆಗೆ ಬಂದಮೇಲೆ, ಪುಸ್ತಕ ಮುಟ್ಟದ ಹುಡುಗಿಗೆ ಪೂರ್ತಿ ಮಾರ್ಕ್ಸು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿರಬೇಕು ಅಂತ ನನಗೆ ಅನ್ನಿಸಿದ್ದರಲ್ಲಿ ಏನು ತಪ್ಪು?

ಎರಡು ದಿನಕ್ಕೆಲ್ಲ ಶಾಲೆಯಿಂದ ಕರೆ ಬಂತು. ಬುಗುರಿಯನ್ನ ಕರೆದುಕೊಂಡು ಹೋದೆ. ಹೆಡ್‌ಮಿಸ್ ಎತ್ತರದ, ದಪ್ಪನೆಯ ಹೆಂಗಸು. ಕನ್ನಡಕದ ಮೇಲಿನಿಂದ ನೋಡ್ತಾರೆ. ನೋಡಿದ ಕೂಡಲೇ ಗೊತ್ತಾಯ್ತು, ಇವರೂ ನನ್ನ ಹಾಗೇ, ಸ್ಕ್ರೂ ಬಿಚ್ಚಿ ನೋಡೋ ಪೈಕಿ.

"ತಪ್ಪು ತಿಳ್ಕೋಬೇಡಿ" ಅಂದರು. "ಪರೀಕ್ಷೆ ಉದ್ದಕ್ಕೂ ನಿಮ್ಮ ಮಗಳು ಬೆಂಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗಾಡ್ತಿದ್ದಳಂತೆ. ತುಟಿ ಅಲ್ಲಾಡ್ತಿತ್ತಂತೆ. ಯಾರಿಗೋ ಸನ್ನೆ ಮಾಡಿದ ಹಾಗಿತ್ತು ಅಂತ ನಮ್ಮ ಟೀಚರು ಹೇಳ್ತಾರೆ. ಕೇಳಿದರೆ ಇವಳು ಉಯ್ಯಾಲೆ ಕಥೆ ಹೇಳ್ತಾಳೆ. ನಾವೇನು ಕಿವಿಯಲ್ಲಿ ಹೂ ಇಟ್ಕೊಂಡಿದ್ದೀವಾ?" ಆಮೇಲೆ ನೇರ ನನ್ನ ಮುಖ ನೋಡಿದರು. "ನೀವೇ ಹೇಳಿ. ಮನೆಯಲ್ಲಿ ಓದ್ತಾಳಾ?"

ಬುಗುರಿ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸ್ವಲ್ಪವೂ ಹೆದರಿಕೆ ಇರಲಿಲ್ಲ. ಅಪ್ಪ ಬಂದಾಯ್ತಲ್ಲ, ಇನ್ನೇನು ಮುಗೀತು ಅನ್ನೋ ಹಾಗಿದ್ದಳು.

"ನಾನಂತೂ ನೋಡಿಲ್ಲ ಮೇಡಂ" ಅಂದೆ. "ನಿಜ ಹೇಳಬೇಕು ಅಂದರೆ ನನಗೂ ಅನುಮಾನವೇ."

ಅಷ್ಟು ಹೊತ್ತು ಕುರ್ಚಿಯ ಕೆಳಗೆ ಕುಣೀತಿದ್ದ ಅವಳ ಕಾಲು ನಿಂತಿತು. ಸದ್ಯ, ಸ್ವಲ್ಪ ಭಯ ಹುಟ್ಟಿತು ಅಂದುಕೊಂಡೆ.

ಹೆಡ್‌ಮಿಸ್ ತೀರ್ಪು ಕೊಟ್ಟುಬಿಟ್ಟರು. ಸೋಮವಾರ ಬೆಳಗ್ಗೆ, ಅವರ ಕೋಣೆಯಲ್ಲೇ, ಬಾಯಲ್ಲಿ ಪ್ರಶ್ನೆ ಕೇಳ್ತಾರೆ. ಉತ್ತರ ಹೇಳಿದರೆ ಮಾರ್ಕ್ಸು ಅವಳದ್ದು. ಇಲ್ಲವಾದರೆ ಟಿಸಿ ತಗೊಂಡು ಬೇರೆ ಶಾಲೆ ನೋಡ್ಕೋಬೇಕು, ಟಿಸಿಯಲ್ಲಿ ಕಾರಣ ಏನಂತ ಇರಬೇಕೋ ಹಾಗೇ ಇರುತ್ತೆ. ಕಾಪಿ ಹೊಡೆದಳು ಅಂತ ಬರೆದ ಟಿಸಿ ಹಿಡ್ಕೊಂಡು ಹೋದರೆ ಯಾವ ಶಾಲೆ ಬಾಗಿಲು ತೆಗೀತದೆ? ಆದರೂ ದಾರಿಯುದ್ದಕ್ಕೂ ನನ್ನ ಸಿಟ್ಟೆಲ್ಲ ತಂಗಿಯ ಮೇಲೇ ಇತ್ತು. ಬುಗುರಿ ನನಗಿಂತ ನಾಲ್ಕು ಹೆಜ್ಜೆ ಹಿಂದೆ ನಡೀತಿದ್ದಳು. ಕೈ ಹಿಡಿಯೋಕೆ ಹೋದರೆ ಚೀಲ ಸರಿಮಾಡಿಕೊಳ್ಳೋ ನೆಪದಲ್ಲಿ ತಪ್ಪಿಸಿಕೊಂಡಳು.

ಮನೆಯಲ್ಲಿ ಹೆಂಡತಿ ನನ್ನನ್ನ ಸುಮ್ಮನೆ ಬಿಡಲಿಲ್ಲ. "ಊರವರೆಲ್ಲ ಅನುಮಾನ ಪಡಲಿ. ನೀವೂ ಅವರ ಜೊತೆ ಸೇರ್ಕೊಂಡ್ರಾ?"

"ನಾನು ನೋಡಿಲ್ಲದ್ದನ್ನ ನೋಡಿದ್ದೀನಿ ಅನ್ನಬೇಕಿತ್ತಾ?"

"ನೋಡೋಕೆ ಅಂತ ಯಾವತ್ತಾದರೂ ಎದ್ದು ಒಳಗೆ ಹೋಗಿದ್ದೀರಾ?"

ಹೋಗಿಲ್ಲ ಅಂತ ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ. ಸರಿ, ನೋಡೇಬಿಡೋಣ ಅಂತ ಹಠ ಬಂತು.

ಶನಿವಾರ ಅಂಗಡಿಯಲ್ಲಿ ಎಲ್ಲಾ ಮೆಷಿನ್ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತೆ. ಒಳಗಿಂದ ಬರೋದು ಕಿರ್ರ್, ಕ್ಯಾಂವ್. ಅದರ ನಡುವೆ ಅಲ್ಲೊಂದು ಇಲ್ಲೊಂದು ಮಾತು. ತಂಗಿಯ ದನಿ, "ಬಚ್ಚಿಟ್ಟಿರೋದು ಎಲ್ಲಿ?" ಕಿರ್ರ್. ಬುಗುರಿಯ ದನಿ, "ಮೇಲೆ! ತುಂಬ ಮೇಲೆ!" ಕ್ಯಾಂವ್. ಆಹಾ! ಸಿಕ್ಕಿಬಿದ್ರಲ್ಲ ಅಂದುಕೊಂಡೆ. ಅವರಿಬ್ಬರೂ ನೀರು ಕುಡಿಯೋಕೆ ಹೋದಾಗ ಏಣಿ ಹಾಕಿ ಅಟ್ಟ ಹತ್ತಿದೆ. ಸಿಕ್ಕಿದ್ದು ಮುರಿದ ಪೆಡಲ್‌ಗಳು, ಜೇಡರ ಬಲೆ, ನಾನೇ ಮರೆತುಬಿಟ್ಟಿದ್ದ ಒಂದು ಸ್ಕ್ರೂಡ್ರೈವರ್. ಕೂದಲೆಲ್ಲ ಬಲೆ ಅಂಟಿಸಿಕೊಂಡು ಇಳಿದರೆ ಕೆಳಗೆ ಹೆಂಡತಿ.

"ಏನು ಹುಡುಕ್ತಿದ್ದೀರಿ?"

"ಬಾಬಿನ್."

"ಸಿಕ್ತಾ?"

ಕೂದಲಿಂದ ಬಲೆ ಕೀಳ್ತಾ ಅಂಗಡಿಗೆ ನಡೆದೆ. ಆಗ ಒಂದು ವಿಷಯ ಹೊಳೀತು. ಈ ಕಿರಿಕಿರಿ ಸದ್ದು ಇರೋದರಿಂದಲೇ ನನಗೆ ಅವರ ಗುಟ್ಟು ಕೇಳಿಸ್ತಿಲ್ಲ. ಬೇಕಂತಲೇ ಹಾಗೇ ಬಿಟ್ಟಿದ್ದಾರೆ! ಬೀದಿಯಲ್ಲಿ ಯಾರ ಮನೆಯ ಗೇಟು ಕಿರುಗುಟ್ಟಿದರೂ ತಡೆದುಕೊಳ್ಳದ ನಾನು, ನನ್ನ ಮನೆಯೊಳಗಿನ ಕೊಂಡಿಯನ್ನ ಇಷ್ಟು ದಿನ ಹೇಗೆ ಸಹಿಸಿಕೊಂಡೆನೋ. ಭಾನುವಾರ ಮಧ್ಯಾಹ್ನ ಇಬ್ಬರೂ ಮಲಗಿದ್ದಾಗ ಎಣ್ಣೆ ಕುಪ್ಪಿ ತಗೊಂಡು ಏಣಿ ಹತ್ತಿದೆ. ಮೆಷಿನ್ನಿಗೆ ಬಿಡೋ ತೆಳು ಎಣ್ಣೆ. ಕೊಂಡಿಗೆ, ಸರಪಳಿಯ ಮೇಲಿನ ಬಳೆಗಳಿಗೆ, ಎಲ್ಲಕ್ಕೂ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಕೈಯಲ್ಲಿ ತೂಗಿ ನೋಡಿದೆ. ಸದ್ದೇ ಇಲ್ಲ. ಇಂಥ ಕೆಲಸದಲ್ಲಿ ನನ್ನನ್ನ ಮೀರಿಸೋರು ಯಾರಿದ್ದಾರೆ ಹೇಳಿ.

ಸಂಜೆ ಅವರು ಶುರುಮಾಡೋ ಹೊತ್ತಿಗೆ ನಾನು ಅಂಗಡಿಗೂ ಆ ಕೋಣೆಗೂ ನಡುವಿನ ಪರದೆಯ ಹಿಂದೆ ನಿಂತಿದ್ದೆ. ಆ ಪರದೆಯ ಬಗ್ಗೆ ಒಂದು ಮಾತು. ನನ್ನ ಹೆಂಡತಿ ಬೇರೆಯವರ ಮನೆಯ ಪರದೆಗೆಲ್ಲ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಅಳತೆ ಹಿಡೀತಾಳೆ. ನಮ್ಮ ಮನೆಗೆ ಮಾತ್ರ ಉಳಿದ ತುಂಡು. ನೆಲದಿಂದ ಒಂದು ಗೇಣು ಮೇಲೇ ನಿಲ್ಲುತ್ತೆ. ಅವತ್ತು ನನಗೆ ಅದು ನೆನಪಾಗಲಿಲ್ಲ. ಪರದೆಯಲ್ಲಿ ಒಂದು ಸಣ್ಣ ತೂತಿತ್ತು, ಅದಕ್ಕೆ ಕಣ್ಣಿಟ್ಟಿದ್ದೆ.

ಉಯ್ಯಾಲೆ ಸದ್ದಿಲ್ಲದೆ ತೂಗ್ತಿತ್ತು. ತಂಗಿ ಹಿಂದಿನಿಂದ ತಳ್ಳೋಳು. ಬುಗುರಿ ಪಕ್ಕದ ಕಿಟಕಿ ನೋಡ್ತಾ ಎರಡು ಕೈಯಲ್ಲೂ ಸರಪಳಿ ಹಿಡಿದು ಕೂತಿದ್ದಳು.

"ಏಳೆಂಟ್ಲ?" ಅಂದಳು ತಂಗಿ, ತಳ್ತಾ.

"ಐವತ್ತಾರು" ಅಂದಳು ಬುಗುರಿ, ವಾಪಸ್ ಬರ್ತಾ.

ಮುಂದೆ ಹೋಗುವಾಗ ಪ್ರಶ್ನೆ, ಹಿಂದೆ ಬರುವಾಗ ಉತ್ತರ. ಹಲಗೆ ಅತ್ತೆಯ ಕೈಗೆ ತಾಗೋದರೊಳಗೆ ಉತ್ತರ ಬಂದಿರಬೇಕು. ಬರ್ತಿತ್ತು. ಆಮೇಲೆ ತಂಗಿ, "ಈಗ ಹೇಳು, ಯಾವಾಗ ಜೋರಾಗಿ ಹೋಗ್ತೀಯ?" ಅಂದಳು. "ಕೆಳಗೆ ಬಂದಾಗ." "ಮೇಲೆ ಹೋದಾಗ?" "ಒಂದು ಚೂರು ನಿಂತುಬಿಡ್ತೀನಿ. ಹೊಟ್ಟೆ ಗುಳುಗುಳು ಅನ್ನುತ್ತೆ." "ಆವಾಗ ಶಕ್ತಿ ಎಲ್ಲಿ ಹೋಯ್ತು?" "ಎಲ್ಲೂ ಹೋಗಿಲ್ಲ. ಎತ್ತರದಲ್ಲಿ ಬಚ್ಚಿಟ್ಕೊಂಡಿದೆ. ಅದೇ ಪ್ರಚ್ಛನ್ನ ಶಕ್ತಿ. ಕೆಳಗೆ ಬರುವಾಗ ಅದೇ ಚಲನ ಶಕ್ತಿ ಆಗುತ್ತೆ."

ಅಟ್ಟದ ಜೇಡರ ಬಲೆ ನೆನಪಾಗಿ ನನ್ನ ಕಿವಿ ಬಿಸಿಯಾಯ್ತು. ಆದರೂ ನನ್ನ ಬುದ್ಧಿ ನೋಡಿ, ಇದು ನನಗೋಸ್ಕರ ಆಡ್ತಿರೋ ನಾಟಕ ಇರಬಹುದಾ ಅಂತ ಆಗಲೂ ಯೋಚಿಸ್ತಿತ್ತು.

ತಂಗಿ ಉಯ್ಯಾಲೆಯನ್ನ ಸ್ವಲ್ಪ ತಿರುಗಿಸಿದಳು. ಈಗ ಅದು ಕಿಟಕಿಯ ಕಡೆಯಿಂದ ಅಂಗಡಿಯ ಕಡೆಗೆ ತೂಗೋಕೆ ಶುರುವಾಯ್ತು. "ಕಿಟಕಿ ಪೂರ್ವ, ಅಪ್ಪನ ಅಂಗಡಿ ಪಶ್ಚಿಮ. ಪಶ್ಚಿಮಕ್ಕೆ ಹೋದರೆ ಗಡಿಯಾರ ಏನು ಮಾಡ್ಕೋಬೇಕು?"

"ಹಿಂದಕ್ಕೆ..." ಅಂತ ಶುರುಮಾಡಿದಳು ಬುಗುರಿ. ಉಯ್ಯಾಲೆ ನನ್ನ ಪರದೆಯ ಕಡೆಗೆ ಬಂತು. ಅವಳ ಮಾತು ಅಲ್ಲೇ ನಿಂತಿತು.

"ಯಾಕೆ ಹಿಂದಕ್ಕೆ? ಸೂರ್ಯ ಎಲ್ಲಿ ಮೊದಲು ಕಾಣಿಸ್ತಾನೆ?"

ಉತ್ತರ ಇಲ್ಲ.

"ಏಳೊಂಬತ್ಲ?"

ಉತ್ತರ ಇಲ್ಲ. ಆಗಷ್ಟೇ ಪಟಪಟ ಅಂತ ಹೇಳ್ತಿದ್ದವಳು! ಕಾಲನ್ನ ನೆಲಕ್ಕೆ ಉಜ್ಜಿ ಉಯ್ಯಾಲೆ ನಿಲ್ಲಿಸಿ, ತಲೆ ಬಗ್ಗಿಸಿ ಕೂತುಬಿಟ್ಟಳು. "ನನಗೆ ಬರ್ತಿಲ್ಲ ಅತ್ತೆ. ಏನೂ ಬರ್ತಿಲ್ಲ." ಆಮೇಲೆ ಇಳಿದು ಒಳಗೆ ಓಡಿಹೋದಳು.

ತಂಗಿ ಕೊಂಡಿಯ ಕಡೆ ತಲೆಯೆತ್ತಿ ನೋಡಿದಳು. ಹಲಗೆಯನ್ನ ಒಮ್ಮೆ ತೂಗಿದಳು. ನೇರ ಪರದೆ ಸರಿಸಿಕೊಂಡು ಬಂದಳು.

"ಅಣ್ಣಾ, ಕೊಂಡಿಗೆ ಎಣ್ಣೆ ಹಾಕಿದ್ಯಾ?"

"ಹಾಕಿದ್ರೆ ತಪ್ಪಾ?"

"ಅವಳು ಆ ಸದ್ದಿನ ತಾಳಕ್ಕೇ ಎಲ್ಲಾ ಕಲಿತಿದ್ದು. ಕಿರ್ರ್ ಅಂದಾಗ ಪ್ರಶ್ನೆ, ಕ್ಯಾಂವ್ ಅಂದಾಗ ಉತ್ತರ. ಪರೀಕ್ಷೆಯಲ್ಲಿ ತೂಗಾಡ್ತಾ ತುಟಿ ಅಲ್ಲಾಡಿಸ್ತಿದ್ದದ್ದು ಅದೇ, ಮನಸ್ಸಲ್ಲಿ ಆ ಸದ್ದು ಮಾಡ್ಕೊಳ್ತಿದ್ದಳು. ನಾಳೆ ಬೆಳಗ್ಗೆ ಪರೀಕ್ಷೆ ಇಟ್ಕೊಂಡು ಇವತ್ತು ನೀನು ಅದರ ಬಾಯಿ ಮುಚ್ಚಿಸಿದ್ಯಲ್ಲ!"

"ಹಾಗಾದ್ರೆ ಇದೆಲ್ಲ ನಿಜಾನಾ? ಪ್ರಶ್ನೆಪತ್ರಿಕೆ ಗಿಶ್ನೆಪತ್ರಿಕೆ ಏನೂ..."

ಅವಳ ಮುಖ ಕೆಂಪಾಯ್ತು. ನನ್ನ ತಂಗಿಗೆ ಸಿಟ್ಟು ಬಂದದ್ದನ್ನ ನಾನು ನೋಡಿದ್ದೇ ಕಡಿಮೆ.

"ನಾನು ಯಾಕೆ ಕೆಲಸ ಬಿಟ್ಟೆ ಗೊತ್ತಾ? ಮಕ್ಕಳನ್ನ ಆಟದ ಬಯಲಿಗೆ ಕರ್ಕೊಂಡು ಹೋಗಿ ಉಯ್ಯಾಲೆ ಮೇಲೆ ಪಾಠ ಹೇಳ್ತಿದ್ದೆ. ಒಂದಿಷ್ಟು ಅಪ್ಪಂದಿರು ಬಂದು ಗಲಾಟೆ ಮಾಡಿದ್ರು, ಆಟ ಆಡಿಸೋಕೆ ನಮ್ಮ ಮಕ್ಕಳನ್ನ ಕಳಿಸ್ತೀವಾ ಅಂತ. ಪಾಠ ಒಂದು ಸಲ ಬಂದು ನೋಡಿ ಅಂದೆ. ಒಬ್ಬರೂ ಬರಲಿಲ್ಲ. ಶಾಲೆಯವರು ನಿಲ್ಲಿಸು ಅಂದರು, ನಾನು ಬಿಟ್ಟು ಬಂದೆ. ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ಅವರ ಕಡೆಯೇ ನಿಲ್ತೀಯ ಅಂತ ಗೊತ್ತಿತ್ತು."

ಅವಳು ಹೇಳಿದ್ದು ನಿಜವೇ. ನಿಂತೇ ನಿಲ್ತಿದ್ದೆ.

ಕತ್ತಲಾಗೋಕೆ ಮುಂಚೆ ಮತ್ತೆ ಏಣಿ ಹತ್ತಿದೆ. ಸೀಮೆಎಣ್ಣೆಯಲ್ಲಿ ಕೊಂಡಿ ತೊಳೆದೆ. ಒಣಬಟ್ಟೆಯಲ್ಲಿ ಉಜ್ಜಿದೆ. ಮರಳು ಹಾಕಿ ತಿಕ್ಕಿದೆ. ಜೀವಮಾನವೆಲ್ಲ ಕಿರುಗುಟ್ಟೋದನ್ನ ನಿಲ್ಲಿಸಿ ಹೊಟ್ಟೆ ಹೊರೆದವನು, ಒಂದೇ ಒಂದು ಕಿರ್ರ್‌ಗೋಸ್ಕರ ಕೊಂಡಿಯನ್ನ ಬೇಡಿಕೊಳ್ತಾ ಇದ್ದೆ. ಹಾಳಾದ್ದು ಉಸಿರೇ ಬಿಡಲಿಲ್ಲ. ಹೆಂಡತಿ ಕೆಳಗೆ ಏಣಿ ಹಿಡ್ಕೊಂಡು ನಿಂತಿದ್ದಳು. ಅವತ್ತು ಒಂದೂ ಕುಹಕ ಆಡಲಿಲ್ಲ, ಅದೇ ನನಗೆ ಇನ್ನಷ್ಟು ಚುಚ್ಚಿತು.

ಸೋಮವಾರ ಬೆಳಗ್ಗೆ ಹೆಡ್‌ಮಿಸ್ ಕೋಣೆಯಲ್ಲಿ ಬುಗುರಿಯನ್ನ ಮೇಜಿನ ಎದುರು ಕೂರಿಸಿದರು. ನನಗೆ ಬಾಗಿಲ ಹತ್ತಿರ ಒಂದು ಸ್ಟೂಲು. ಮೊದಲ ಪ್ರಶ್ನೆ ಗುಣಾಕಾರದ್ದು, ಸುಲಭದ್ದು. ಬುಗುರಿ ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ನೋಡ್ತಾ ಕೂತಳು. ಎರಡನೆಯದು ವಿಜ್ಞಾನದ್ದು. ಅದಕ್ಕೂ ಅಷ್ಟೇ. ಅವಳ ಕಾಲು ನೆಲಕ್ಕೆ ತಾಗದೆ, ಕುಣಿಯದೆ, ಸುಮ್ಮನೆ ಜೋತುಬಿದ್ದಿತ್ತು. ಹೆಡ್‌ಮಿಸ್ ನನ್ನ ಕಡೆ ನೋಡಿ ತಲೆ ಆಡಿಸಿದರು, ನಾವಂದುಕೊಂಡ ಹಾಗೇ ಆಯ್ತಲ್ಲ ಅನ್ನೋ ಥರ.

ಅಯ್ಯೋ, ಅವಳಿಗೆ ಗೊತ್ತು! ಏಳೆಂಟ್ಲ ಐವತ್ತಾರು ಅಂತ ನನ್ನ ಕಿವಿಯಾರೆ ಕೇಳಿದ್ದೀನಿ. ಬೇಕಾಗಿರೋದು ಒಂದು ಸದ್ದು ಅಷ್ಟೇ. ಆಗ ನನ್ನ ಕೈ ಪಕ್ಕದ ಬಾಗಿಲಿಗೆ ತಾಗಿತು. ಬಾಗಿಲು ಕಿರ್ರ್ ಅಂದಿತು. ದೇವರೇ ಕಳಿಸಿದ ಹಾಗಿತ್ತು! ನಿಧಾನಕ್ಕೆ ಹಿಂದಕ್ಕೆ ತಂದೆ, ಕ್ಯಾಂವ್. ಮುಂದಕ್ಕೆ ಕಿರ್ರ್. ಹಿಂದಕ್ಕೆ ಕ್ಯಾಂವ್. ಬುಗುರಿ ತಿರುಗಿ ನನ್ನನ್ನ ನೋಡಿದಳು. ನಾನು ತಲೆಯಾಡಿಸಿ, ಕಣ್ಣಲ್ಲೇ ಹೇಳು, ಹೇಳು ಅಂದೆ. ಅವಳು ಇನ್ನಷ್ಟು ಕುಗ್ಗಿ ಕೂತಳು.

"ಏನ್ರೀ ಅದು?" ಹೆಡ್‌ಮಿಸ್ ಎದ್ದೇ ನಿಂತರು. "ನನ್ನ ಕಣ್ಣೆದುರೇ ಸನ್ನೆ ಮಾಡ್ತಿದ್ದೀರಾ? ಅಪ್ಪಾನೇ ಹೇಳಿಕೊಡೋದಾ?"

"ಇಲ್ಲ ಮೇಡಂ, ನಾನೇನೂ ಮಾಡಿಲ್ಲ!" ಅಂದೆ. ಅಂದಮೇಲೆ ಆ ಮಾತು ನನ್ನ ಕಿವಿಗೇ ಕೇಳಿಸಿತು. ನನ್ನ ಗಿರಾಕಿಗಳೆಲ್ಲ ಹೇಳೋ ಮಾತು. ಹೆಡ್‌ಮಿಸ್ ನನ್ನನ್ನ ನೋಡಿದ್ದು ನಾನು ಗಿರಾಕಿಗಳನ್ನ ನೋಡೋ ರೀತಿಯಲ್ಲೇ.

ಎದ್ದು ಕೈ ಮುಗಿದೆ. "ಮೇಡಂ, ನನ್ನ ಮೇಲೆ ಅನುಮಾನ ಪಡಿ, ಬೇಕಾದ್ದು ಅನ್ನಿ. ಅವಳು ನಿಜವಾಗಿಯೂ ಉಯ್ಯಾಲೆ ಮೇಲೇ ಕಲಿತಿದ್ದು. ನಿನ್ನೆ ನೋಡಿದೆ. ನಿಮ್ಮ ಬಯಲಲ್ಲಿ ಉಯ್ಯಾಲೆ ಇದೆಯಲ್ಲ. ನೀವೇ ತಳ್ಳಿ, ನೀವೇ ಕೇಳಿ. ನಾನು ಗೇಟಿನ ಆಚೆ ನಿಲ್ತೀನಿ. ಇದೊಂದು ಸಲ."

ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ನನ್ನನ್ನ ನೋಡಿದರು. ಆಮೇಲೆ ಪಠ್ಯಪುಸ್ತಕ ಕೈಗೆತ್ತಿಕೊಂಡು, "ಗೇಟಿನ ಆಚೆ ಅಂದರೆ ಆಚೆ" ಅಂದರು.

ಗೇಟಿನ ಸರಳು ಹಿಡ್ಕೊಂಡು ರಸ್ತೆಯಲ್ಲಿ ನಿಂತೆ. ಬಯಲಿನ ಆ ತುದಿಯಲ್ಲಿ ಉಯ್ಯಾಲೆ. ಬುಗುರಿ ಹತ್ತಿ ಕೂತಳು, ಹೆಡ್‌ಮಿಸ್ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಹಲಗೆ. ತಳ್ಳಿದರು. ನಾನು ಕಿವಿಗೊಟ್ಟೆ. ಸದ್ದೇ ಇಲ್ಲ! ಹೊಸ ಉಯ್ಯಾಲೆ, ಕೊಂಡಿಯೊಳಗೆ ಪ್ಲಾಸ್ಟಿಕ್ ಬಳೆ, ಬುಷ್ ಅಂತೀವಿ, ಹಾಕಿರ್ತಾರೆ, ಅದು ಹೇಗೆ ಕಿರುಗುಟ್ಟೀತು? ಮುಗೀತು ಅಂದುಕೊಂಡೆ. ನನ್ನ ಕೈಯಾರೆ ಮಗಳ ಶಾಲೆ ಕಳೆದೆ. ಕಣ್ಣು ಮಂಜಾಯ್ತು.

ಕಣ್ಣೊರೆಸಿಕೊಂಡು ನೋಡಿದರೆ ಉಯ್ಯಾಲೆ ಇನ್ನೂ ಮೇಲಕ್ಕೆ ಹೋಗ್ತಿತ್ತು. ಬುಗುರಿಯ ಕಾಲು ಹೋಗುವಾಗ ಚಾಚಿ, ಬರುವಾಗ ಮಡಚಿ, ಅವಳ ಮಾಮೂಲಿ ಕುಣಿತ. ಬಾಯಿ ಅಲ್ಲಾಡ್ತಿತ್ತು. ಹೆಡ್‌ಮಿಸ್ ಒಂದು ಸಲ ಜೋರಾಗಿ ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಪುಸ್ತಕವನ್ನ ನೆಲದ ಮೇಲಿಟ್ಟು ಎರಡೂ ಕೈಯಲ್ಲಿ ತಳ್ಳೋಕೆ ಶುರುಮಾಡಿದರು. ಇನ್ನೂ ಸ್ವಲ್ಪ ಹೊತ್ತಿಗೆ ಬುಗುರಿ ಕೆಳಗೆ ಹಾರಿ, ಅವರೆದುರು ನಿಂತು, ಕೈ ಆಡಿಸ್ತಾ ಏನೋ ಹೇಳ್ತಾನೇ ಇದ್ದಳು. ಉಯ್ಯಾಲೆ ಹಿಂದೆ ಖಾಲಿ ತೂಗ್ತಿತ್ತು.

ಆಮೇಲೆ ಹೆಡ್‌ಮಿಸ್ ಒಬ್ಬರೇ ಗೇಟಿನವರೆಗೆ ಬಂದರು.

"ಮಾರ್ಕ್ಸು ಅವಳದ್ದೇ" ಅಂದರು. "ನಾನು ಕೂತರೆ ಉಯ್ಯಾಲೆ ನಿಧಾನ ಆಗುತ್ತಾ ಅಂತ ಸುಮ್ಮನೆ ಕೇಳಿದೆ. ಇಲ್ಲ ಮಿಸ್, ನೀವು ಎಷ್ಟೇ ದಪ್ಪ ಇದ್ದರೂ ಹೋಗಿ ಬರೋಕೆ ಅಷ್ಟೇ ಹೊತ್ತು, ಸರಪಳಿ ಉದ್ದ ಆದರೆ ಮಾತ್ರ ನಿಧಾನ ಅಂದಳು. ಪಾಠದಲ್ಲಿ ಇಲ್ಲದ್ದು ಅದು. ಕಾಪಿ ಹೊಡೆದವರಿಗೆ ಬರೋ ಉತ್ತರ ಅಲ್ಲ. ನಮ್ಮ ಟೀಚರ ಮಾತು ಕೇಳಿ ನಾನೂ ದುಡುಕಿದೆ."

"ಸದ್ದು ಇಲ್ಲದೇನೇ ಹೇಳಿದಳಾ ಮೇಡಂ? ನಾನು ಕೊಂಡಿಗೆ ಎಣ್ಣೆ ಹಾಕಿ ಕೆಡಿಸಿಬಿಟ್ಟೆ ಅಂದುಕೊಂಡಿದ್ದೆ."

"ಯಾವ ಸದ್ದು?" ಅವರಿಗೆ ಅರ್ಥವಾಗಲಿಲ್ಲ. ಹೇಳಬೇಕೋ ಬೇಡವೋ ಅಂತ ಯೋಚಿಸಿ, ಹೇಳಿದರು. "ಇಷ್ಟೆಲ್ಲ ಗೊತ್ತಿದ್ದವಳು ನನ್ನ ಕೋಣೆಯಲ್ಲಿ ಯಾಕಮ್ಮ ಬಾಯಿ ಬಿಡಲಿಲ್ಲ ಅಂತ ಕೇಳಿದೆ. 'ಅಪ್ಪ ಅಲ್ಲೇ ಕೂತಿದ್ರು. ಅಪ್ಪ ನೋಡ್ತಿದ್ರೆ ನಾನು ನಿಜವಾಗ್ಲೂ ಕಾಪಿ ಹೊಡೆದಿದ್ದೀನಿ ಅನ್ನಿಸುತ್ತೆ' ಅಂದಳು. ನಿನ್ನೆ ಸಂಜೆಯೂ ಹಾಗೇ ಆಯ್ತಂತೆ. ಪರದೆ ಕೆಳಗೆ ನಿಮ್ಮ ಚಪ್ಪಲಿ ಕಾಣಿಸಿತಂತೆ."

ಕೆಟ್ಟಿದ್ದು ಯಾವುದು ಅಂತ ಹುಡುಕ್ತಾ ಅಟ್ಟ ಹತ್ತಿದೆ, ಕೊಂಡಿಗೆ ಎಣ್ಣೆ ಬಿಟ್ಟೆ, ತಂಗಿಯನ್ನ ಅನುಮಾನಿಸಿದೆ. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ತಪ್ಪು ಭಾಗಕ್ಕೆ ನಾನು ಕೈ ಹಾಕಿದ್ದೇ ಇಲ್ಲ.

ಸಂಜೆ ತಂಗಿಯ ಹತ್ತಿರ ಹೋಗಿ, "ತಪ್ಪಾಯ್ತು ಕಣೇ" ಅಂದೆ. "ಹೌದಾ, ಪಾಪ" ಅಂದಳು. ಹೆಂಡತಿ ಪಕ್ಕದ ಕೋಣೆಯಲ್ಲಿ ಹೊಲಿಗೆ ನಿಲ್ಲಿಸಿ ನಕ್ಕಳು. ಅನ್ನಲಿ, ನಗಲಿ, ಅದು ನನಗೆ ಬರಬೇಕಾದ್ದೇ.

ಮಗಳ ಹತ್ತಿರ ಹೋಗೋಕೆ ಮಾತ್ರ ಧೈರ್ಯ ಸಾಲಲಿಲ್ಲ. ಅಂಗಡಿಯಲ್ಲಿ ಕೂತು ಯಾವುದೋ ಸ್ಕ್ರೂ ಬಿಗಿ ಮಾಡೋದು, ಸಡಿಲ ಮಾಡೋದು. ಉಯ್ಯಾಲೆ ಈಗ ಸದ್ದು ಮಾಡೋದಿಲ್ಲವಲ್ಲ, ಒಳಗಿನ ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸ್ತಿತ್ತು. ಇವತ್ತು ಚರಿತ್ರೆ ಪಾಠ, ಉಯ್ಯಾಲೆ ಒಂದೊಂದು ಸಲ ಹಿಂದಕ್ಕೆ ಹೋದರೆ ನೂರು ನೂರು ವರ್ಷ ಹಿಂದಕ್ಕಂತೆ, ಆವಿಯ ಯಂತ್ರ ದಾಟಿ ಅಚ್ಚಿನ ಯಂತ್ರದ ಕಾಲಕ್ಕೆ ಹೋಗ್ತಿದ್ದರು. ಬೇಕಾಗಿದ್ದ ಗುಟ್ಟೆಲ್ಲ ಈಗ ಕೂತಲ್ಲಿಗೇ ಬರ್ತಿತ್ತು, ನನಗೆ ಕೇಳಿಸಿಕೊಳ್ಳೋಕೆ ನಾಚಿಕೆ. ಕೊನೆಗೆ ಎದ್ದೆ. ಪರದೆಯ ಹತ್ತಿರ ಹೋಗಿ ಈಚೆಗೇ ನಿಂತೆ, ಚಪ್ಪಲಿ ಕಂಡರೆ ಕಾಣಲಿ ಅಂತ.

"ಬುಗುರೀ, ನಾನೂ ಬರಲಾ? ಸ್ವಲ್ಪ ಹೊತ್ತು ತಳ್ತೀನಿ."

ಒಳಗೆ ಮಾತು ನಿಂತಿತು. ಉಯ್ಯಾಲೆ ತೂಗ್ತಿದೆಯೋ ನಿಂತಿದೆಯೋ ಗೊತ್ತಾಗುವ ಹಾಗಿರಲಿಲ್ಲ, ಅಷ್ಟು ಚೆನ್ನಾಗಿ ಎಣ್ಣೆ ಹಾಕಿದ್ದೆ. ಬಹಳ ಹೊತ್ತಾದಮೇಲೆ ಅವಳ ದನಿ ಬಂತು.

"ಇವತ್ತು ಬೇಡ ಅಪ್ಪಾ. ನಾಳೆ ಬಾ."

ತೂತಿಗೆ ಕಣ್ಣಿಡಲಿಲ್ಲ. ವಾಪಸ್ ಬಂದು ಮೆಷಿನ್ ಮುಂದೆ ಕೂತೆ. ನಾಳೆ ಅಂದಳಲ್ಲ, ನಂಬಿದೆ.